ಎಣ್ಣೆ, ಹಿಂಡಿ ಮತ್ತು ಅಪ್ಪನ ರಕ್ತ

ಹೊಸ ಶೇಂಗಾ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಕೈ ತಾನಾಗಿ ಮೊಣಕಾಲಿಗೆ ಹೋಗುತ್ತದೆ.

ಚಳ್ಳಕೆರೆಯಲ್ಲಿ ನಮ್ಮದೊಂದು ಎಣ್ಣೆ ಮಿಲ್ಲಿತ್ತು. ನಾನಾಗ ಏಳನೇ ಕ್ಲಾಸು. ಒಂದು ಮಧ್ಯಾಹ್ನ ಮಿಲ್ಲಿನ ಮೆಕ್ಯಾನಿಕ್ ರಹೀಮ್ ಚಾಚಾ ಓಡಿ ಬಂದರು. ಆಸ್ಪತ್ರೆಯಲ್ಲಿ ಹೆರಿಗೆಯಾದ ಅವರ ಮಗಳಿಗೆ ತುರ್ತಾಗಿ ರಕ್ತ ಬೇಕಿತ್ತು; ಅಪ್ಪನದು ಅದೇ ಗುಂಪು.

ಅಪ್ಪ ಚಪ್ಪಲಿ ಮೆಟ್ಟುವಷ್ಟರಲ್ಲಿ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. ಎಮ್ಮೆಗೆಂದು ಒಡೆಯುತ್ತಿದ್ದ ಹಿಂಡಿಯ ತುಂಡು ಅವಳ ಕೈಯಲ್ಲೇ ಇತ್ತು.

“ಎಣ್ಣೆ ತೆಗೆದ ಮ್ಯಾಲೆ ಉಳಿಯೋದು ಇದೇ ನೋಡ್ರಿ. ನನ್ನ ಮಗನ್ನ ಹಿಂಡಿ ಮಾಡಬ್ಯಾಡ್ರಿ!”

ಆ ವಾರವಷ್ಟೇ ಸ್ಕೂಲಿನಲ್ಲಿ ರಕ್ತದ ಪಾಠವಾಗಿತ್ತು. ನಾನು ಲಂಗ ಎತ್ತಿ, ಸೈಕಲ್ಲಿನಿಂದ ಬಿದ್ದು ತರಚಿದ್ದ ಮೊಣಕಾಲು ತೋರಿಸಿದೆ.

“ಮೊನ್ನೆ ಎಷ್ಟು ರಕ್ತ ಸುರೀತು, ನಾನು ಹಿಂಡಿ ಆದೆನಾ ಅಜ್ಜಿ? ರಕ್ತದಾಗಿನ ಕಿರುತಟ್ಟೆಗಳು ಬಂದು ಗಾಯ ಮುಚ್ಚಿದ್ವು. ಬಿಳಿ ಕಣಗಳು ಕೀವಾಗದಂಗೆ ಕಾದ್ವು. ಉಸಿರು ಹೊರೋ ಕೆಂಪು ಕಣಗಳು ಮೂಳೆಯೊಳಗೆ ದಿನಾ ಹೊಸವು ಹುಟ್ತಾವೆ. ನಿನ್ನ ಮಗ ಬತ್ತಿ ಹೋಗಲ್ಲ!”

ಅಜ್ಜಿ ಎಣ್ಣೆ ಜಿಡ್ಡಿನ ಬೆರಳಿಂದ ಗಾಯದ ಹಕ್ಕಳೆಯನ್ನು ಮೆಲ್ಲಗೆ ಸವರಿದಳು. ಆಮೇಲೆ ಸೆರಗು ಸಿಕ್ಕಿಸಿ, ಎಲ್ಲರಿಗಿಂತ ಮೊದಲು ತಾನೇ ಆಟೋ ಹತ್ತಿದಳು.

ಅಪ್ಪ ರಕ್ತ ಕೊಟ್ಟರು. ಸಂಜೆಗೆ ಚಾಚಾನ ಮಗಳು ಕಣ್ಣು ಬಿಟ್ಟು ನೀರು ಕೇಳಿದಳು. ಅದನ್ನು ಕಂಡದ್ದೇ ಅಜ್ಜಿ ತನ್ನ ತೋಳನ್ನೂ ನರ್ಸಮ್ಮನ ಮುಂದೆ ಚಾಚಿದಳು.

“ನಿಮಗೆ ವಯಸ್ಸಾಗೈತ್ರಿ ಅಜ್ಜಿ, ತಗೊಳ್ಳಂಗಿಲ್ಲ,” ಎಂದರು ನರ್ಸಮ್ಮ.

ಅಜ್ಜಿ ಇಡೀ ವಾರ್ಡಿಗೆ ಕೇಳುವಂತೆ ಗುಡುಗಿದಳು: “ಯಾಕೆ, ನಾನೇನು ಹಿಂಡಿನಾ?”