ನೀಲವ್ವನ ಹಸಿರು ಬಳೆ

ಹುಬ್ಬಳ್ಳಿಯಲ್ಲಿ ಏನನ್ನಾದರೂ ಕೊಂಡಾಗ ಕಾರ್ಡಿನಿಂದ ದುಡ್ಡಿನ ಬದಲು ನೆನಪು ಕಡಿತವಾಗುವುದು ರೂಢಿಯಾಗಿ ವರ್ಷಗಳೇ ಆಗಿದ್ದವು. ಚಿಕ್ಕಂದಿನ ಒಂದು ಮಧ್ಯಾಹ್ನದ ನೆನಪು ಕೊಟ್ಟರೆ ವಾರದ ಕಾಯಿಪಲ್ಲೆ ಬರುತ್ತಿತ್ತು. ಹಾಗಾಗಿ ದೂರು ಕೊಡಲು ಬಂದ ನೀಲವ್ವನನ್ನು ನೋಡಿ ಬ್ಯಾಂಕಿನ ಶೈನಾಜ್‌ಗೆ ಹೊಸದೇನೂ ಅನ್ನಿಸಲಿಲ್ಲ.

“ಯಾವನೋ ನನ್ನ ಕಾರ್ಡಿನ್ಯಾಗ ಫ್ರಿಜ್ ಕೊಂಡಾನ್ರಿ. ನಿನ್ನೆ ಮೆಸೇಜ್ ಬಂತು. ಯಾವ ನೆನಪು ಹೋತಂತ ನಾ ಹ್ಯಾಂಗ ಹೇಳ್ಲಿ?”

“ಮೂರು ದಿನದೊಳಗ ಹೇಳೀರಿ, ಹೊಣೆ ಬ್ಯಾಂಕಿಂದು. ಹೋದದ್ದು ಹಂಗ ವಾಪಸ್ ಬರತೈತಿ,” ಎನ್ನುತ್ತ ಶೈನಾಜ್ ಖಾತೆ ತೆರೆದಳು.

ಕಳ್ಳರು ಭಾರದ ನೆನಪಿಗೇ ಕೈಹಾಕುತ್ತಾರೆ, ಅದಕ್ಕೇ ಬೆಲೆ ಹೆಚ್ಚು. ತೆರೆಯ ಮೇಲೆ ಹೀಗಿತ್ತು: ಹೋದ ವರ್ಷ, ಗಂಡನ ಸಾವು.

ಶೈನಾಜ್ ತಲೆಯೆತ್ತಿದಳು. ನೀಲವ್ವನ ಕೈತುಂಬ ಹಸಿರು ಗಾಜಿನ ಬಳೆ.

“ನೋಡಿದ್ರ ಕೈ ಬೋಳು ಇತ್ತವ್ವಾ! ಮುಂಜಾನೆ ಹೋಗಿ ಇಡಿಸ್ಕೊಂಡು ಬಂದೆ. ಯಾಕೋ ಬಳೆಗಾರ ಮಾರಿ ಸಣ್ಣ ಮಾಡ್ಕೊಂಡಿದ್ದ.”

“ಅಕ್ಕಾರ, ದೂರು ಕೊಡದ ಬಿಟ್ರೂ ನಡೀತೈತ್ರಿ,” ಶೈನಾಜ್ ಮೆಲ್ಲಗೆ ಅಂದಳು.

“ಯಾಕ ಬಿಡ್ಲಿ? ನನ್ನದು ನನಗ ಬರಬೇಕು. ಲಗೂನ ಮಾಡ್ರಿ, ನಮ್ಮ ಮನಿಯವರು ಉಣ್ಣಾಕ ಬರೂ ಹೊತ್ತಾತು.”

ನಿಯಮ ನಿಯಮವೇ. ಶೈನಾಜ್ ಗುಂಡಿ ಒತ್ತಿದಳು. ನೆನಪು ಮರಳಲು ಒಂದು ನಿಮಿಷ ಬೇಕು. ಅಷ್ಟರೊಳಗೆ ಅವಳು ಕೌಂಟರ್ ಸುತ್ತಿ ಬಂದು, ಬಳೆ ತುಂಬಿದ ಆ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.