ಗೆರೆ ತುಳಿದರೆ ಔಟು

ಚಂದ್ರನ ಮೇಲೆ ಸೆಳೆತ ಕಡಿಮೆ, ತೇಲಿಹೋಗದಂತೆ ನೆಲಕ್ಕೆ ಎಳೆದು ಹಿಡಿಯುವುದು ಬೂಟು; ನಾವು ನಡೆಯುವುದು ಅದು ನಡೆಸಿದಂತೆ. ಬೂಟು ನಡೆಯುವುದು ಸ್ವರಲಿಪಿ ಓದಿಕೊಂಡು. ಸ್ವರಗಳನ್ನು ಕೂಡಿಸುವ ಅಡ್ಡಗೆರೆ ಎಲ್ಲಿ ತುಂಡಾಗುತ್ತದೋ ಅಲ್ಲಿ ಕಾಲು ನೆಲ ಹಿಡಿಯುತ್ತದೆ. ಆ ಲಿಪಿಯ ಸೆಟ್ಟಿಂಗ್ ಮಾಡುವುದೇ ನನ್ನ ಕೆಲಸ. ಊರಿಗೆಲ್ಲ ಒಂದೇ ನಡೆ, ಎರಡೆರಡು ಸ್ವರಕ್ಕೊಮ್ಮೆ ಗೆರೆ ಕಡಿದು: ತಕ, ತಕ, ತಕ.

ಕೆಲಸ ಮುಗಿಸಿ ಬಂದು ಬೂಟು ಬಿಚ್ಚುವ ಮೊದಲೇ ಮಗಳು ಮೇದಿನಿ ಅಳುತ್ತ ಎದುರಾದಳು.

"ಅಮ್ಮಾ, ಕುಂಟೆಬಿಲ್ಲೇಲಿ ದೊಡ್ಡ ಮನೆ ದಾಟೋಕೇ ಆಗಲ್ಲ. ಹಾರ್ತಿದ್ದಂಗೆ ಬೂಟು ಕೆಳಗೆ ಎಳ್ಕೊಳತ್ತೆ. ದಿನಾ ನಾನೇ ಔಟು. ನಾಳೆಯಿಂದ ಆಟಕ್ಕೇ ಬರಬೇಡ ಅಂದ್ಲು, ಆ ಉದ್ದಕಾಲಿ ವಾರಿಜ."

"ನಿನ್ನ ಬೂಟಿನ ಲಿಪೀಲಿ ಗೆರೆ ಎಲ್ಲಿ ಕಡೀಲಿ, ನೀನೇ ಹೇಳು," ಎಂದೆ.

ಅವಳು ಮೂಗೊರೆಸಿಕೊಂಡು ಯೋಚಿಸಿದಳು. "ತಕ, ತಕಿಟ. ಚಿಕ್ಕದೊಂದು, ದೊಡ್ಡದೊಂದು."

ಸೆಟ್ಟಿಂಗಿಗೆ ಹೊಸದೊಂದು ಗುಂಡಿ ಸೇರಿಸಿದೆ: 'ಗೆರೆ ನಿಮಗೆ ಬೇಕಾದಲ್ಲಿ ಕಡಿಯಿರಿ'.

ಮರುದಿನ ಸಂಜೆ ಗಾಜಿನ ಗುಮ್ಮಟದಡಿಯ ಅಂಗಳದಲ್ಲಿ ಮೇದಿನಿ 'ತಕ' ಎಂದು ಕುಪ್ಪಳಿಸಿ, 'ತಕಿಟ' ಎಂದು ತೇಲಿ, ದೊಡ್ಡ ಮನೆಯಾಚೆ ಇಳಿದಳು.

"ಮೋಸ!" ಎಂದು ಕೂಗಿದ ವಾರಿಜ ಮರುಕ್ಷಣವೇ ನನ್ನ ಮುಂದೆ ಕಾಲು ಚಾಚಿದಳು. "ಆಂಟಿ, ನಂಗೂ ಹಾಕ್ಕೊಡಿ."

ನನ್ನ ಕಾಲು ಸೋತಿತ್ತು. ಆದರೂ ಅವಳಿಗೆ ಹಾಕಿಕೊಟ್ಟು, ನನ್ನ ಬೂಟಿಗೂ ಅದನ್ನೇ ಹಾಕಿಕೊಂಡು ಹಾರಿದೆ.

ದಿನವೂ ಔಟಾಗುತ್ತಿದ್ದ ಮೇದಿನಿಯೇ ಎಲ್ಲರಿಗಿಂತ ಜೋರಾಗಿ ಕೂಗಿದಳು: "ಅಮ್ಮ ಗೆರೆ ತುಳಿದ್ಲು! ಔಟು!"