ಅವ್ವನ ಹೊಳೆಮತ್ತಿ

ಬಿಸಿಲೇರಿದರೆ ಸಾಕು, ದಡದ ಮರಗಳು ಇಡೀ ಹೊಳೆಯನ್ನೇ ಹೀರಿಬಿಡುತ್ತಿದ್ದವು. ಹೆಣ ಹೂತಲ್ಲೆಲ್ಲ ಹೊಳೆಮತ್ತಿ ಸಸಿ ನೆಡುವುದು ಊರಿನ ಪದ್ಧತಿ, ಸತ್ತವರೇನು ಕಮ್ಮಿಯೇ? ಈಗ ದಿನಕ್ಕೊಂದು ಮರ ಉರುಳಬೇಕು, ಕಡಿಯುವವರು ಆಯಾ ಮನೆಯವರೇ.

ಆವತ್ತು ಚಿಕ್ಕತಾಯಿ ಎಂಬವಳ ಸರದಿ. ತನ್ನವ್ವನ ಮರಕ್ಕೆ ಕಿವಿಯಿಟ್ಟಳು. ಒಳಗೆ ನೀರೇರುವ ಸದ್ದು.

"ಬೇಗ ಕಡಿಯವ್ವ, ಹೊಳೆ ಇಳೀತಾ ಅದೆ," ಎಂದ ನೀರುಗಂಟಿ ಮಾದಯ್ಯ.

"ಸಾಯೋವಾಗ ಅವ್ವ ಒಂದು ಗುಟುಕು ನೀರು ಕೇಳಿದ್ಲು ಮಾದಣ್ಣ. ಮಗೀಗೆ ಬೇಕು ಅಂತ ನಾನು ಕೊಡ್ನಿಲ್ಲ."

ಚಿಕ್ಕತಾಯಿಯ ಆ ಮಗಳು ಈಗ ಮನೆಯಲ್ಲಿ ಖಾಲಿ ಬಿಂದಿಗೆ ಮುಂದಿಟ್ಟುಕೊಂಡು ಕಾಯುತ್ತಿದ್ದಳು.

"ತಡಿಯಣ್ಣ, ಒಂದು ಗುಟುಕು ಕುಡೀಲಿ," ಎಂದಳು ಚಿಕ್ಕತಾಯಿ.

ಸದ್ದು ಬುಡದಿಂದ ಕೊಂಬೆಗೆ ಏರುವವರೆಗೂ ಕೇಳಿಸಿಕೊಂಡಳು. ಆಮೇಲೆ ಕೊಡಲಿ ಎತ್ತಿದಳು.